ವರಾಂಡದ ಐದು ಜೊತೆ ಚಪ್ಪಲಿ

ನನ್ನ ಎರಡು ವರ್ಷದ ಅಧ್ಯಕ್ಷಗಿರಿ ಭಾನುವಾರ ಹಾಸನದಲ್ಲಿ ಊಟದ ಹೊತ್ತಿಗೆ ಮುಗಿಯಿತು. ಜಿಲ್ಲಾ ವೈದ್ಯರ ಬಳಗದ ಪದಕವನ್ನು ನನ್ನ ಕೊರಳಿಂದ ತೆಗೆದು ಹೊಸ ಅಧ್ಯಕ್ಷರ ಕೊರಳಿಗೆ ನಾನೇ ಹಾಕಿದೆ. ಫೋಟೊ ತೆಗೆಯುವವನು, "ಮೇಡಂ, ಸ್ವಲ್ಪ ಪಕ್ಕಕ್ಕೆ" ಎಂದ. ಸರಿದೆ. "ಇನ್ನೂ ಸ್ವಲ್ಪ" ಎಂದ. ಸರಿಯುತ್ತ ಸರಿಯುತ್ತ ಹೋಳಿಗೆ ಬಡಿಸುವವರ ಹತ್ತಿರ ಬಂದುಬಿಟ್ಟಿದ್ದೆ. ಕಾರು ನಮ್ಮೂರು ಹೊಳೆನರಸೀಪುರ ಮುಟ್ಟುವ ಮೊದಲೇ ಬಳಗದ ವಾಟ್ಸಾಪ್ ಗುಂಪಿನಲ್ಲಿ ನನ್ನ ಅಡ್ಮಿನ್ ಪಟ್ಟವೂ ಹೋಗಿತ್ತು. ಈ ಅವಸರ ರೋಗಿಗಳನ್ನು ನೋಡುವುದರಲ್ಲಿ ಇದ್ದಿದ್ದರೆ ಜಿಲ್ಲೆ ಯಾವತ್ತೋ ಉದ್ಧಾರವಾಗುತ್ತಿತ್ತು.

ಅವರನ್ನು ಅಂದು ಏನು ಪ್ರಯೋಜನ. ಹಿಂದಿನ ಅಧ್ಯಕ್ಷರಿಗೆ ನಾನು ಮಾಡಿದ್ದೂ ಅದನ್ನೇ. ವೇದಿಕೆಯ ಮೇಲೆ ವರದಿ ಓದುವಾಗ ನನ್ನ ದನಿ ಗಟ್ಟಿಯಾಗಿಯೇ ಇತ್ತು. ಅರಕಲಗೂಡಿನಲ್ಲಿ ಕಣ್ಣಿನ ಶಿಬಿರ, ಚನ್ನರಾಯಪಟ್ಟಣದಲ್ಲಿ ನರ್ಸುಗಳಿಗೆ ತರಬೇತಿ, ಡಾಕ್ಟರ ಮೇಲೆ ಕೈ ಮಾಡಿದವರ ವಿರುದ್ಧ ಮೆರವಣಿಗೆ. ಎಲ್ಲವೂ ನಿಜ, ಹೆಮ್ಮೆಯೂ ಇದೆ. ಆ ಎರಡು ವರ್ಷದಲ್ಲಿ ನನ್ನ ಸ್ವಂತ ಕ್ಲಿನಿಕ್ಕಿನ ಬಾಗಿಲು ಎಷ್ಟು ದಿನ ಮುಚ್ಚಿತ್ತು ಎಂಬುದು ಮಾತ್ರ ವರದಿಯಲ್ಲಿ ಇರಲಿಲ್ಲ.

ನನ್ನ ಕ್ಲಿನಿಕ್ಕಿನಲ್ಲಿ ಟೋಕನ್ ಇಲ್ಲ. ಮೊದಲ ಬಸ್ಸಿಗೆ ಬಂದ ಹಳ್ಳಿಯವರು ವರಾಂಡದಲ್ಲಿ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ಎದುರಿನ ಅಂಗಡಿಗೆ ಟೀ ಕುಡಿಯಲು ಹೋಗುತ್ತಾರೆ. ಚಪ್ಪಲಿಯೇ ಪಾಳಿ. ಅದನ್ನು ಹಿಂದೆಮುಂದೆ ಮಾಡುವ ಧೈರ್ಯ ಎಂಥ ಪುಂಡನಿಗೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ನಾನು ಬೇರೆ ಕಾನೂನು ಮಾಡಿದ್ದೆ. ಅವರು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಕೂಡದು, ಚಪ್ಪಲಿಯ ಬದಲು ಚೀಲ ಇಡಬೇಕು. ಹಳೇಕೋಟೆಯ ಕಾಳಯ್ಯನಿಗೆ ಮುಳ್ಳು ಚುಚ್ಚಿ ಹೆಬ್ಬೆರಳು ಕೊಳೆತ ವರ್ಷದ ಕಾನೂನು ಅದು. ಬೆರಳು ಹೋಯಿತು, ಕಾಲು ಉಳಿಯಿತು.

ಅಧ್ಯಕ್ಷೆಯಾದ ಮೇಲೆ ಬಾಗಿಲಿಗೆ ಹೊಸ ಬೋರ್ಡು ಬಂತು: "ಅಧ್ಯಕ್ಷರು ಸಭೆಯಲ್ಲಿದ್ದಾರೆ." "ಡಾಕ್ಟರು ಇಲ್ಲ" ಎಂದು ಬರೆಸಿದ್ದರೆ ಸಾಕಿತ್ತು, ನನಗೆ ಸಾಕಾಗಲಿಲ್ಲ. ಕಾಳಯ್ಯ ಮೂರು ಸಲ ಬಂದು ಆ ಬೋರ್ಡು ನೋಡಿಕೊಂಡು ಹೋದನಂತೆ. ನಾಲ್ಕನೆಯ ಸಲ ಬರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬೇರೆ ಡಾಕ್ಟರನ್ನು ಹುಡುಕಿಕೊಂಡರು. ನನಗೆ ಮನೆಮಂದಿ ಎಂದರೆ ಆ ವರಾಂಡದ ಜನವೇ. ರಾತ್ರಿ ಊಟಕ್ಕೆ ಕೂತರೆ ಎದುರಿಗೆ ಗೋಡೆ. ಅದಕ್ಕೇ ಭಾನುವಾರ ಕಾರಿನಲ್ಲಿ ಕೂತು ಒಂದೇ ಆಸೆ ಪಟ್ಟೆ: ಹಳಬರಲ್ಲಿ ಒಬ್ಬರಾದರೂ ವಾಪಸು ಬರಲಿ.

ಸೋಮವಾರ ಒಂಬತ್ತಕ್ಕೆ ಹೋದರೆ ವರಾಂಡದಲ್ಲಿ ಐದು ಜೊತೆ ಚಪ್ಪಲಿ. ಸುಳ್ಳು ಹೇಳಲಾರೆ, ಕಣ್ಣು ತುಂಬಿತು. ಬೋರ್ಡನ್ನು ಕಿತ್ತು ಬೀರುವಿನ ಹಿಂದೆ ತಳ್ಳಿ, ಕುರ್ಚಿಯಲ್ಲಿ ಕೂತು ಗಂಟೆ ಒತ್ತಿದೆ. ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆಗಿರುವ ನಂಜಮ್ಮ ಬಾಗಿಲಲ್ಲಿ ನಿಂತಳು.

"ಮೊದಲನೆಯವರನ್ನು ಕಳಿಸು."

"ಟೀ ಕುಡಿಯಕ್ಕೆ ಓಗವ್ರೆ ಕಣಮ್ಮ. ಬತ್ತಾರೆ."

ಒಂಬತ್ತೂವರೆ ಆಯಿತು. ಹತ್ತು ಆಯಿತು. ಯಾವ ಟೀಯೂ ಅಷ್ಟು ಹೊತ್ತು ಕುಡಿಯುವಂಥದ್ದಲ್ಲ. ಹತ್ತೂವರೆಗೆ ನಾನೇ ಎದ್ದು ಹೊರಗೆ ಬಂದೆ. ಮೊದಲ ಜೊತೆಯ ಮೇಲೆ ಧೂಳು ಮೆತ್ತಿತ್ತು. ಎರಡನೆಯದಕ್ಕೆ ಜೇಡ ಬಲೆ ಕಟ್ಟಿತ್ತು. ಮೂರನೆಯ ಜೊತೆಯಲ್ಲಿ ಎರಡೂ ಎಡಗಾಲಿನವು.

"ನಂಜಮ್ಮ, ಇವು ಯಾರವು?"

ಅವಳು ಸೆರಗಿನ ಚುಂಗು ತಿರುವಿದಳು. "ಜನ ಮರ್ತು ಬಿಟ್ಟೋದವು. ಮೂಟೆ ಕಟ್ಟಿ ಮಡಗಿದ್ದೆ. ಬರೀ ವರಾಂಡ ಕಂಡ್ರೆ ನಿಮ್ಮ ಮಖ ಸಪ್ಪಗಾಗ್ತದೆ ಅಂತ ನಾನೇ ಸಾಲಾಗಿ ಜೋಡಿಸ್ದೆ."

ಬೈಯಬೇಕೆನಿಸಿತು. ಆದರೆ ನನಗೆ ಸನ್ಮಾನ ಮಾಡಿದವರು ಬಹಳ ಜನ ಇದ್ದಾರೆ, ನನ್ನ ಮುಖ ನೋಡಿದವಳು ಇವಳೊಬ್ಬಳೇ. ಆದರೂ ಅವಮಾನದಿಂದ ಕಿವಿ ಬಿಸಿಯಾಯಿತು. ಆಗ ಸಾಲಿನ ಕೊನೆಯಲ್ಲಿ ಒಂದು ಬಟ್ಟೆ ಚೀಲ ಕಾಣಿಸಿತು.

"ಇದೂ ನಿನ್ನದೇನಾ?"

"ಅದು ನಂದಲ್ಲ ಕಣಮ್ಮ."

ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಒಂದು ಕೈ ಬಂದು ಆ ಚೀಲವನ್ನು ಎತ್ತಿಕೊಂಡಿತು. ಕಾಳಯ್ಯ. ಕಾಲಲ್ಲಿ ಚಪ್ಪಲಿ ಇತ್ತು.

"ಏಳೂವರೆಗೇ ಬಂದಿದ್ದೆ ಕಣವ್ವ," ಎಂದ. "ಬೋರ್ಡ್ ಇದ್ರೂವೆ ಮುಂದೆ ಐದ್ ಜನ ಅವ್ರಲ್ಲ ಅಂತ ಟೀ ಅಂಗ್ಡೀಲಿ ಕುಂತಿದ್ದೆ. ಒಬ್ರೂ ಒಳೀಕ್ ಓಗ್ನಿಲ್ಲ. ಅನ್ನೊಂದರ ಬಸ್ಸು ತಪ್ಪುದ್ರೆ ಆಮೇಲೆ ಸಂಜೀಗೇಯ. ಇನ್ನೊಂದ್ ಕಿತ ಬತ್ತೀನಿ ಬುಡಿ."

ಇನ್ನೊಂದು ಸಲ ಅವನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. "ಅವರು ತಡಮಾಡುತ್ತಾರೆ, ನೀವು ಮೊದಲು ಬನ್ನಿ" ಎಂದು ಒಂದು ಸುಳ್ಳು ಹೇಳಬಹುದಿತ್ತು. ಅವನು ನಂಬುತ್ತಿದ್ದ, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಬೇರೆಯವರ ಪಾಳಿ ಹಾರಿ ಒಳಗೆ ಬರುವ ಮನುಷ್ಯನಲ್ಲ ಅವನು.

"ಯಾರೂ ಇಲ್ಲ ಕಾಳಯ್ಯ," ಎಂದೆ. "ಈ ಚಪ್ಪಲಿಗೆ ಜನ ಇಲ್ಲ. ನನ್ನ ಹತ್ತಿರ ಈಗ ಯಾರೂ ಬರಲ್ಲ."

ಅವನು ಚಪ್ಪಲಿಗಳನ್ನು ನೋಡಿದ. ನಂಜಮ್ಮನನ್ನು ನೋಡಿದ. ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದ. ಬಸ್ಸು ನಿಲ್ದಾಣದ ಕಡೆಯಿಂದ ಹಾರ್ನು ಕೇಳಿಸಿತು.

"ಅಂಗಾರೆ ನಂದೇ ಪಾಳಿ," ಎಂದ.

ಮೆಟ್ಟಿಲು ಹತ್ತಿ, ಐದು ಜೊತೆಯಲ್ಲಿ ಒಂದನ್ನೂ ತುಳಿಯದೆ, ಅವುಗಳಿಗೆ ಯಜಮಾನರು ಇದ್ದಾರೆ ಎಂಬಷ್ಟು ಮರ್ಯಾದೆಯಿಂದ ಬಳಸಿಕೊಂಡು ಕಾಳಯ್ಯ ಒಳಗೆ ಬಂದ.