ಉರಿಯದಿರುವುದೇ ನನ್ನ ಕೆಲಸ

ನಾನು ನೂರು ವ್ಯಾಟಿನ ಒಂದು ಬಲ್ಬು. ಹಳೇ ಕಾಲದ್ದು, ಗಾಜಿನ ಬುರುಡೆಯದ್ದು, ಹೊಟ್ಟೆಯೊಳಗೆ ಕೂದಲೆಳೆಯಂಥ ತಂತಿ ಇರುವಂಥದ್ದು. ಇಷ್ಟು ಹೇಳಿದರೆ ಈಗಿನವರು ಮೂಗು ಮುರಿಯುತ್ತಾರೆಂದು ಗೊತ್ತು. ಕರೆಂಟು ತಿನ್ನುವ ಹೊಟ್ಟೆಬಾಕ, ಬೆಳಕಿಗಿಂತ ಬಿಸಿಯೇ ಹೆಚ್ಚು ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಆ ಮಾತು ಸುಳ್ಳೇನೂ ಅಲ್ಲ. ಆದರೆ ನಾನು ಎಲ್ಲಿ ಕೂತು ಏನು ಮಾಡುತ್ತಿದ್ದೇನೆ ಎಂದು ಒಂದು ಮಾತು ಕೇಳಿ, ಆಮೇಲೆ ಶಿಕ್ಷೆ ಕೊಡಬಹುದಿತ್ತಲ್ಲ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಕಾದ ಗಾಜನ್ನು ಊದಿ ಉಬ್ಬಿಸಿದರು, ತಂತಿ ಕೂರಿಸಿದರು, ಒಳಗಿನ ಗಾಳಿ ಎಳೆದು ಬಾಯಿ ಮುಚ್ಚಿದರು. ಒಬ್ಬ ಹೆಂಗಸು ನನ್ನನ್ನು ಹೋಲ್ಡರಿಗೆ ಸಿಕ್ಕಿಸಿ, ಒಂದು ಕ್ಷಣ ಉರಿಸಿ ನೋಡಿ, ಪಾಸು ಮಾಡಿದಳು. ಅಲ್ಲಿಂದ ಗದಗಿನ ಒಂದು ಖಾನಾವಳಿಯ ಅಡುಗೆಮನೆಗೆ ಬಂದು ಎರಡು ವರ್ಷ ಒಗ್ಗರಣೆಯ ಹೊಗೆ ಕುಡಿದೆ. ಖಾನಾವಳಿಯವರು ಟ್ಯೂಬ್‌ಲೈಟು ಹಾಕಿಸಿದ ದಿನ, ಫ್ಯಾನ್ ರಿಪೇರಿಗೆ ಬಂದಿದ್ದ ಖಾಸೀಂಸಾಬ ನದಾಫ ನನ್ನನ್ನು ಕೇಳಿ ಪಡೆದ. ಲುಂಗಿಯ ತುದಿಯಿಂದ ನನ್ನ ಮೈ ಮೇಲಿನ ಜಿಡ್ಡು ಒರೆಸಿದ. ನನ್ನನ್ನು ಬೇಕೆಂದು ಕೇಳಿ ತೆಗೆದುಕೊಂಡವನು ಅವನೊಬ್ಬನೇ.

ಬೆಟಗೇರಿಯಲ್ಲಿ ಅವನ ಮನೆಯ ಮುಂದಿನ ಕೋಣೆಯೇ ಅಂಗಡಿ. ಸುಟ್ಟ ಫ್ಯಾನುಗಳ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಸುತ್ತಿದ ತಂತಿ ಎಲ್ಲಿಯಾದರೂ ಒಂದಿಷ್ಟು ತರಚಿ ಫ್ಯಾನಿನ ಕಬ್ಬಿಣದ ಮೈಗೆ ತಾಗಿದರೆ, ಆ ಫ್ಯಾನು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅದನ್ನು ಪತ್ತೆ ಹಚ್ಚುವವನು ನಾನು. ನನ್ನ ಮೂಲಕ ಬಂದ ಕರೆಂಟಿನ ಒಂದು ತುದಿಯನ್ನು ತಂತಿಗೂ ಇನ್ನೊಂದನ್ನು ಫ್ಯಾನಿನ ಮೈಗೂ ಹಿಡಿಯುತ್ತಾನೆ. ನಾನು ಉರಿದರೆ ಕೆಲಸ ಕೆಟ್ಟಿತು. ನಾನು ಆರಿಯೇ ಇದ್ದರೆ ಗಿರಾಕಿ ನಿಶ್ಚಿಂತೆಯಿಂದ ಮನೆಗೆ ಒಯ್ಯಬಹುದು. ಉರಿಯದೆ ಇದ್ದದ್ದಕ್ಕೇ ಭೇಷ್ ಅನ್ನಿಸಿಕೊಂಡ ಬಲ್ಬು ಊರಿನಲ್ಲಿ ಇನ್ನೊಂದಿರಲಿಲ್ಲ. ಸ್ಕ್ರೂಡ್ರೈವರು ಬಿದ್ದು ನಾನು ಒಡೆಯಬಾರದೆಂದು ಹಾಲಿನ ಪುಡಿಯ ಡಬ್ಬಿಯೊಳಗೆ ಕೂರಿಸಿ, ಮುಂದಕ್ಕೆ ಕೆಂಪು ಪ್ಲಾಸ್ಟಿಕ್ಕು ಬಿಗಿದಿದ್ದ.

ಹೀಗೆ ಹನ್ನೊಂದು ವರ್ಷ ಸುಖವಾಗಿದ್ದೆ. ಆಮೇಲೆ ಏಪ್ರಿಲ್ ತಿಂಗಳಲ್ಲಿ ಓಣಿಗೆ ಹಳೇ ಬಲ್ಬು ಪಡೆದು ಎಲ್‌ಇಡಿ ಬಲ್ಬು ಕೊಡುವ ಸರ್ಕಾರಿ ಯೋಜನೆ ಬಂತು.

ಯೋಜನೆಯ ಹುಡುಗ ಈರಣ್ಣ ಹೊಸಮನಿ ನೆರಳು ಹುಡುಕಿಕೊಂಡು ಬಂದು ನಮ್ಮ ಕಟ್ಟೆಯ ಮೇಲೇ ಮೇಜು ಹಾಕಿದ. ಹಳೇ ಬಲ್ಬು ತುಂಬಿದ ಚೀಲವನ್ನು ವ್ಯಾನು ಬರುವ ತನಕ ಅಂಗಡಿಯೊಳಗೇ ಇಟ್ಟುಕೋ ಎಂದು ಖಾಸೀಂಸಾಬನೇ ಹೇಳಿದ. ಹೇಳಿ ತಾಮ್ರದ ತಂತಿ ತರಲು ಹುಬ್ಬಳ್ಳಿಗೆ ಹೋದ. ಅವನ ಹೆಂಡತಿ ಮಾಲನಬಿ ಮನೆಯ ನಾಲ್ಕು ಬಲ್ಬು ಬಿಚ್ಚಿ ತಂದಳು. ಹೊಸ ಬಲ್ಬು ಐದರ ಪೆಟ್ಟಿಗೆಯಲ್ಲಿ ಬಂದಿದ್ದವು.

“ಚಾಚಿ, ಪೆಟಗಿ ಒಡಿಯಾಕ ಬರೂದಿಲ್ಲ. ಐದ ಕೊಟ್ರ ಐದ” ಎಂದ ಈರಣ್ಣ.

“ತಡೀಪಾ, ಅಂಗಡ್ಯಾಗ ಇನ್ನೊಂದ ಐತಿ.”

ಡಬ್ಬಿಗೆ ಕೈ ಹಾಕಿ ನನ್ನನ್ನು ತಿರುವಿ ತೆಗೆದಳು. ನನ್ನ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಹೊಸ ಬಲ್ಬು ಕೂರಿಸಿ, ಕೆಂಪು ಮುಚ್ಚಳ ಮೊದಲಿನಂತೆಯೇ ಬಿಗಿದಳು. ಅವಳದು ಒಳ್ಳೆಯ ಮನಸ್ಸೇ. ಗಂಡನ ಅಂಗಡಿಗೂ ಹೊಸ ಬಲ್ಬು ಬಂತೆಂದು ಅವಳಿಗೆ ಖುಷಿ. ನಾನು ಚೀಲದೊಳಕ್ಕೆ ಬಿದ್ದೆ. ಚೀಲಕ್ಕೊಂದು ತೂತಿತ್ತು. ಆ ತೂತಿನಿಂದ ನಾಲ್ಕು ದಿನ ನಾನು ನೋಡಿದ್ದನ್ನು ಯಾವ ಬಲ್ಬೂ ನೋಡಬಾರದು.

ಖಾಸೀಂಸಾಬ ಸಂಜೆ ಬಂದವನೇ ಓಣಿಯ ನೀಲಮ್ಮ ಟೀಚರ ಟೇಬಲ್ ಫ್ಯಾನು ಕೈಗೆತ್ತಿಕೊಂಡ. ಹಾಸಿಗೆ ಹಿಡಿದ ಅವರ ತಾಯಿಗೆ ಬೇಕಾದ ಫ್ಯಾನದು. ಲಕ್ಷಣವಾಗಿ ಸುತ್ತಿದ, ವಾರ್ನಿಷ್ ಹಚ್ಚಿ ಒಣಗಿಸಿದ. ಮರುದಿನ ಪರೀಕ್ಷೆಗೆ ಹಿಡಿದರೆ ಡಬ್ಬಿ ಕೆಂಪಗೆ ಉರಿಯಿತು. ಆ ಹೊಸ ಬಲ್ಬು ಉರಿಯಲು ಇರುವೆಯ ಕಾಲಿನಷ್ಟು ಕರೆಂಟು ಸಾಕು. ಅಷ್ಟು ಕರೆಂಟು ಒಳ್ಳೇ ಫ್ಯಾನಿನಲ್ಲೂ ಸೋರುತ್ತದೆ, ಅದರಿಂದ ಯಾರಿಗೂ ಅಪಾಯವಿಲ್ಲ. ನಾನಾಗಿದ್ದರೆ ಅದಕ್ಕೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಖಾಸೀಂಸಾಬ ಸುತ್ತಿದ್ದನ್ನೆಲ್ಲ ಕತ್ತರಿಸಿ ತೆಗೆದು ಮತ್ತೆ ಸುತ್ತಿದ. ಮತ್ತೆ ಕೆಂಪು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಸುತ್ತಿದ. ಆಗಲೂ ಕೆಂಪು. ನೀಲಮ್ಮ ಟೀಚರು ದಿನಾ ಬಂದು ಕೇಳುವಾಗ ತಲೆ ತಗ್ಗಿಸಿ, “ನಾಳೆ ಬರ್ರೀ ಅವ್ವಾರ” ಎನ್ನುತ್ತಿದ್ದ. ಹೆಂಡತಿಗೆ ಮಾತ್ರ ನಾಚಿಕೆಯಿಂದ ಏನೂ ಹೇಳಲಿಲ್ಲ. ಒಳ್ಳೇ ಕೆಲಸವಯ್ಯ, ಬಿಚ್ಚಬೇಡ ಎಂದು ಕೂಗಬೇಕೆನಿಸುತ್ತಿತ್ತು. ಕೂಗಲು ಬಾಯಿಲ್ಲ. ನನಗಾದ ಸಂಕಟ ಅಷ್ಟಿಷ್ಟಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಮಾಲನಬಿ ಚಹಾ ತಂದಾಗ ಅವನು ಕೈಯನ್ನೇ ನೋಡುತ್ತ ಕೂತಿದ್ದ.

“ನನ್ನ ಕೈ ಹೋತು. ನಾಳಿಂದ ಅಂಗಡಿ ತಗಿಯೂದಿಲ್ಲ. ಯಾರಿಗರ ಶಾಕ್ ಹೊಡದ್ರ ಆ ಪಾಪ ನನಗ ಬ್ಯಾಡ” ಎಂದ.

“ಮೂವತ್ತ ವರ್ಷದ ಕೈ ನಾಕ ದಿನದಾಗ ಹೋಗತೈತೇನ್ರಿ?”

“ನಾ ಅನ್ನೂದಲ್ಲ, ಬಲ್ಬ್ ಹೇಳಾಕ್ಹತ್ತೈತಿ. ಅದು ಎಂದೂ ಸುಳ್ಳ ಹೇಳಿಲ್ಲ.”

“ಅದು ಬಂದು ನಾಕ ದಿನ ಆಗೇತಿ. ಎಂದೂ ಅಂದ್ರ ಹೆಂಗ?”

ಖಾಸೀಂಸಾಬ ಚಹಾದ ಲೋಟ ಕೆಳಗಿಟ್ಟ. ಡಬ್ಬಿಯ ಮುಚ್ಚಳ ಬಿಚ್ಚಿ ಒಳಗೆ ನೋಡಿದ. ಬಿಳಿ ಬಲ್ಬು ಕಂಡು ತಲೆ ಎತ್ತಿದ, ಹಳೇದು ಅದರಲ್ಲಿದೆ ಎಂದು ಮಾಲನಬಿ ಚೀಲ ತೋರಿಸಿದಳು. ಅಷ್ಟರಲ್ಲಿ ಬಾಗಿಲಿಗೆ ವ್ಯಾನು ಬಂತು, ಈರಣ್ಣ ಬಂದು ಚೀಲದ ಬಾಯಿ ಹಿಡಿದ. ಖಾಸೀಂಸಾಬ ಚೀಲದ ಬುಡ ಹಿಡಿದ.

“ನಿಮ್ಮ ಬಲ್ಬ್ ತಗೋ, ನನ್ನ ಬಲ್ಬ್ ಕೊಡು.”

“ಚಾಚಾ, ಕೊಟ್ಟದ್ದು ಬರಕೊಂಡೀನಿ. ವಾಪಸ್ ಬರಿಯಾಕ ಪಟ್ಟಿಯಾಗ ಜಾಗಾನ ಇಲ್ಲ. ಅದರಕಿಂತ ಚೊಲೋದ ಕೊಟ್ಟೇವಲ್ರಿ.”

“ಚೊಲೋದ ಐತಿ, ಯಾರು ಇಲ್ಲ ಅಂದ್ರು? ಅಡಗಿಮನಿಗೆ ಇರಲಿ, ಪಡಸಾಲಿಗೆ ಇರಲಿ. ಇದು ದೀಪಲ್ಲೋ ತಮ್ಮಾ, ನನ್ನ ಸಾಮಾನು. ನನ್ನ ಕೆಲಸಕ್ಕ ಯಾ ಸಾಮಾನು ಬೇಕಂತ ನಾ ಹೇಳಬಾರದೇನು?”

“ಬ್ಯಾರೆ ಕೊಂಡ್ಕೋರಿ ಹಂಗಾರ.”

“ಎಲ್ಲಿ ಕೊಂಡ್ಕೊಳ್ಳಿ? ಹೋದ ವರ್ಷನ ಹುಬ್ಬಳ್ಳಿ ತುಂಬಾ ಕೇಳೀನಿ. ನೂರು ವ್ಯಾಟಿಂದು ಅಂದ್ರ ನಗತಾರ.”

ಈರಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಪಟ್ಟಿಯಲ್ಲಿ ಮುನ್ನೂರ ಹತ್ತು ಎಂದು ಬರೆದಿದ್ದ, ಗೋದಾಮಿನಲ್ಲಿ ಎಣಿಸಿ ಒಡೆಯುತ್ತಾರೆ, ಒಂದು ಕಡಿಮೆ ಬಿದ್ದರೂ ಅವನ ಕೆಲಸಕ್ಕೆ ಕುತ್ತು. ಇಬ್ಬರೂ ಚೀಲ ಬಿಡಲಿಲ್ಲ. ಒಳಗೆ ನಾವು ಮುನ್ನೂರ ಹತ್ತು ಜನ ಒಬ್ಬರಿಗೊಬ್ಬರು ತಾಗಿ ಸದ್ದು ಮಾಡಿದೆವು.

ಫ್ಯಾನಿಗೆಂದು ಬಂದ ನೀಲಮ್ಮ ಟೀಚರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. “ಉರಿಯೂ ಬಲ್ಬ್‌ನ ಆಗಬೇಕಂತ ಬರದೈತೇನು?”

ಈರಣ್ಣ ಕಾಗದ ತಿರುವಿ ನೋಡಿದ. “ಹಂಗೇನ ಇಲ್ರಿ ಟೀಚರ. ಬಲ್ಬ್ ಇದ್ರ ಸಾಕು.”

ಟೀಚರು ಮನೆಗೆ ಹೋಗಿ, ಎಂದೋ ಸುಟ್ಟು ಅಟ್ಟ ಸೇರಿದ್ದ ಒಂದು ಬಲ್ಬು ತಂದರು. ಒಳಗಿನ ತಂತಿ ಕಡಿದಿತ್ತು, ಗಾಜು ಕಪ್ಪಾಗಿತ್ತು. ಈರಣ್ಣ ಅದನ್ನು ಚೀಲಕ್ಕೆ ಹಾಕಿಕೊಂಡು, “ನಿಮ್ಮದ ತಗೋರಿ” ಎಂದ. ಲೆಕ್ಕ ಸರಿಹೋಯಿತು. ಸತ್ತ ಬಲ್ಬು ಕೊಟ್ಟು ಜೀವಂತ ಬಲ್ಬನ್ನು ಬಿಡಿಸಿಕೊಳ್ಳುವುದಕ್ಕೆ ಯಾವ ನಿಯಮವೂ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಖಾಸೀಂಸಾಬನ ಮಾತು ಕೇಳುವುದಕ್ಕೆ ಮಾತ್ರ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಖಾಸೀಂಸಾಬ ಚೀಲದೊಳಗೆ ಕೈ ಹಾಕಿ ಒಂದೊಂದೇ ಬಲ್ಬು ಸವರಿ ಬಿಟ್ಟ. ನನ್ನ ಕೊರಳಿಗೆ ಅವನ ವಾರ್ನಿಷ್ ಬೆರಳಿನ ಗುರುತು ಗಟ್ಟಿಯಾಗಿ ಅಂಟಿತ್ತು. ಬೆರಳು ಅಲ್ಲಿಗೆ ಬಂದು ನಿಂತಿತು.

ನನ್ನನ್ನು ಡಬ್ಬಿಯಲ್ಲಿ ಕೂರಿಸಿ, ಮೂರನೇ ಸಲ ಸುತ್ತಿದ್ದ ಅದೇ ಫ್ಯಾನಿಗೆ ತಂತಿ ಹಿಡಿದ. ನಾನು ಉರಿಯಲಿಲ್ಲ. ಅಷ್ಟು ಜನರೆದುರು ಅವನ ಕಣ್ಣಲ್ಲಿ ನೀರು ಬಂತು. “ಹಂಗಾರ ಮೊದಲನೇದೂ ಸರಿ ಇತ್ತು” ಎಂದ. ಕಾಲ ಬುಡದಲ್ಲಿ ಎರಡು ಸಲ ಕತ್ತರಿಸಿ ತೆಗೆದ ತಾಮ್ರದ ರಾಶಿ ಬಿದ್ದಿತ್ತು. ಮಾಲನಬಿ ಅದನ್ನು ಗುಡಿಸಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಒಳಗಿನ ತಂತಿ ಜೋತು ಬಿದ್ದಿದೆ, ಕೆಟ್ಟ ಫ್ಯಾನು ಬಂದು ಉರಿಯಬೇಕಾದಾಗ ನಡುಗುತ್ತೇನೆ. ಅಂಗಡಿ ನಡೆದಿದೆ, ಗಿರಾಕಿಗಳಿದ್ದಾರೆ. ಆದರೆ ಮೊದಲು ನಾನು ಆರಿದ್ದನ್ನು ನೋಡಿದರೆ ಸಾಕು, “ಒಯ್ರಿ” ಎನ್ನುತ್ತಿದ್ದವನು ಈಗ ಹಾಗೆನ್ನುವುದಿಲ್ಲ. ಪ್ರತಿ ಸಲವೂ ಎದ್ದು ಬಂದು, ಕೆಂಪು ಮುಚ್ಚಳ ಬಿಚ್ಚಿ, ಒಳಗಿರುವುದು ನಾನೇನಾ ಎಂದು ನೋಡುತ್ತಾನೆ. ನೋಡಿ ಮುಚ್ಚಿದ ಮೇಲೂ ಇನ್ನೊಮ್ಮೆ ತಂತಿ ಹಿಡಿಯುತ್ತಾನೆ.