ಮೊದಲು ಹಚ್ಚಿದವರು ಸೋತಂತೆ

ಅಮೆರಿಕದ ಮಿನ್ನೆಸೋಟಾದ ಗಣಿಯೂರೊಂದರ ಗಂಡಸರಿಗೆ ಚಳಿಗಾಲದ ಹೊಸಿಲಲ್ಲಿ ಒಂದು ಪಂತ. ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸನ್ನು ಯಾರು ಮೊದಲು ಹಚ್ಚುತ್ತಾರೋ ಅವರು ಸೋತಂತೆ. ಬೇಸಿಗೆ ಬಂತೆಂದರೆ ಅದನ್ನು ಹೊತ್ತಿಸಲೆಂದು ಒಳಗೆ ಸದಾ ಉರಿಯುವ ಪುಟ್ಟ ಪೈಲಟ್ ಉರಿಯನ್ನೂ ಆರಿಸಿಬಿಡುವರು. ಮತ್ತೆ ನೆಲ ಹೆಪ್ಪುಗಟ್ಟುವ ಹೊತ್ತಿಗೆ ಎರಡೆರಡು ಸ್ವೆಟರ್ ತೊಟ್ಟು ಬೀದಿಯಲ್ಲಿ ನಿಂತು, ಯಾರ ಚಿಮಣಿಯಲ್ಲಿ ಬಿಳಿ ಆವಿ ಏಳುತ್ತದೆಂದು ಕಾಯುವರು. ಆವಿ ಎದ್ದ ಮನೆಯವನಿಗೆ ವಸಂತದವರೆಗೂ ಗೇಲಿ ತಪ್ಪಿದ್ದಲ್ಲ.

ಲೆಂಪಿ ಕಂಗಾಸಳ ಗಂಡ ರೈನೊ ಈ ಪಂತದಲ್ಲಿ ಸೋತದ್ದೇ ಇಲ್ಲ. ಆತ ಆಗಸ್ಟಿನಲ್ಲಿ ಟೊಮೇಟೊ ಗಿಡಗಳಿಗೆ ನೀರು ಬಿಡುತ್ತಿದ್ದವನು ಅಲ್ಲೇ ಕುಸಿದು ತೀರಿಕೊಂಡ. ಅಂದಿನಿಂದ ಲೆಂಪಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಳುವೂ ಬರಲಿಲ್ಲ. ಚರ್ಚಿನ ಹೆಂಗಸರು ತಂದಿಟ್ಟದ್ದನ್ನು ತಿಂದಳು, ಅವರವರ ಪಾತ್ರೆ ತೊಳೆದು ಅವರವರಿಗೆ ಮುಟ್ಟಿಸಿದಳು. ನವೆಂಬರಿನಲ್ಲಿ ಚಳಿ ಮನೆಯೊಳಗೆ ಬಂದು ಕೂತಿತು. ಕೂತಿರಲಿ ಎಂದುಕೊಂಡು ಕೋಟು ಹಾಕಿಕೊಂಡೇ ಮಲಗತೊಡಗಿದಳು.

ಆವಿಯೇಳದ ಅವಳ ಚಿಮಣಿ ನೋಡಿ ಬೀದಿಗೆ ಬೀದಿಯೇ ತಲೆದೂಗಿತು. “ರೈನೊನ ಹೆಂಡ್ತಿ ಅಲ್ವಾ! ಗಂಡನ ಹೆಸರು ಉಳಿಸ್ತಿದ್ದಾಳೆ” ಎಂದರು. ಬಾಗಿಲು ತಟ್ಟಿದವರಿಲ್ಲ.

ಇಂದು ರಾತ್ರಿ ನೀರಿನ ಕೊಳವೆಗಳು ಒಡೆಯುವಷ್ಟು ಚಳಿ ಎಂದು ರೇಡಿಯೊ ಹೇಳಿದ ಮಧ್ಯಾಹ್ನ, ಪಕ್ಕದ ಮನೆಯ ಸ್ಟಾಂಕೊ ಜುಪಾನ್ ತನ್ನ ಹೆಂಡತಿ ಯುಸ್ತೀನಾ ಅಕ್ರೋಟು ತುಂಬಿ ಸುತ್ತಿ ಬೇಯಿಸಿದ ರೊಟ್ಟಿ ಹಿಡಿದು ಬಂದ.

“ಶರಣು ಮಾರಾಯ್ತಿ! ನಾವು ಹಚ್ಚಿ ಎರಡು ವಾರ ಆಯ್ತು. ಯುಸ್ತೀನಾ ಬೈದು ಬೈದು ಹಚ್ಚಿಸಿದ್ಳು. ನೀನೂ ಇನ್ನು ಸಾಕು ಮಾಡು. ಪೈಪು ಒಡೆದ್ರೆ ನಿನ್ನ ಗೆಲುವನ್ನ ಬಕೆಟ್ಟಲ್ಲಿ ಎತ್ತಿ ಹಾಕ್ಬೇಕಾಗುತ್ತೆ.”

ಮಾತಾಡುತ್ತಿದ್ದಂತೆ ಅಡುಗೆಮನೆಯೊಳಗೇ ಅವನ ಬಾಯಿಂದ ಹಬೆ ಬಂತು. ಸಿಂಕಿನಲ್ಲಿದ್ದ ಲೋಟದ ನೀರು ಕೆನೆಗಟ್ಟಿದಂತೆ ಹೆಪ್ಪಾಗಿತ್ತು. ಅವನ ನಗೆ ನಿಂತಿತು.

“ಇದೆಂಥಾ ಹಟ, ಲೆಂಪಿ?”

“ಹಟ ಅಲ್ಲ. ನಂಗೆ ಹಚ್ಚೋಕೆ ಬರಲ್ಲ.”

“ಒಂದು ಮಾತು ಕೇಳ್ಬಾರ್ದಾಗಿತ್ತಾ?”

“ಕೇಳ್ಬೇಕು ಅಂತ ಅನ್ನಿಸ್ಲಿಲ್ಲ. ಒಡೆದ್ರೆ ಒಡೀಲಿ.”

“ಒಡೀಲಿ ಅಂತೆ! ಆ ಪೈಪೆಲ್ಲ ರೈನೊ ಕೈಯಾರೆ ಹಾಕಿದ್ದು. ನಾನು ಬರೀ ಟಾರ್ಚು ಹಿಡ್ದಿದ್ದೆ, ಅದಕ್ಕೂ ಬೈಸ್ಕೊಂಡಿದ್ದೆ. ನಡಿ ಕೆಳಗೆ.”

ನೆಲಮಾಳಿಗೆಯಲ್ಲಿ ಸ್ಟಾಂಕೊ ಮೆಟ್ಟಿಲ ಮೇಲೇ ಕೂತ. “ನನ್ನ ಮಂಡಿ ಬಗ್ಗಲ್ಲ. ಬಗ್ಗಿದ್ರೆ ಏಳಲ್ಲ. ನೀನೇ ಫರ್ನೇಸಿನ ಮುಂದೆ ಮಲಕ್ಕೋ. ಮೊದ್ಲು ಮೂಸಿ ನೋಡು, ಗ್ಯಾಸ್ ವಾಸನೆ ಇದ್ಯಾ?”

“ಇಲ್ಲ. ಇಲಿ ವಾಸನೆ.”

“ಇಲಿ ಸಿಡಿಯಲ್ಲ ಬಿಡು. ಆ ತಿರುಗಣೆ ಪೈಲಟ್‌ಗೆ ತಿರುಗ್ಸು. ಕೆಂಪು ಗುಂಡಿ ಒತ್ತಿ ಹಿಡ್ಕೊಂಡು ಕಡ್ಡಿ ಗೀರಿ ತೋರ್ಸು.”

ಉಗುರಿನಷ್ಟು ನೀಲಿ ಉರಿ ಎದ್ದಿತು. ಲೆಂಪಿ ಬೆರಳು ತೆಗೆದಳು. ಉರಿ ಆರಿತು.

“ಅಯ್ಯೋ, ಬಿಟ್ಟುಬಿಟ್ಯಾ! ಉರಿ ಪಕ್ಕದಲ್ಲಿರೋ ಸಲಾಕೆ ಕಾಯೋತನಕ ಬಿಡಬಾರ್ದು. ತಿರುಗಣೆ ಬಂದ್ ಮಾಡು. ಒಳಗಿರೋ ಗ್ಯಾಸ್ ಹೋಗ್ಲಿ.”

ಇಬ್ಬರೂ ಕಾದರು. ಲೆಂಪಿ ಸಿಮೆಂಟು ನೆಲದ ಮೇಲೆ ಮಗ್ಗುಲಾಗಿಯೇ ಇದ್ದಳು. ಏಳಲು ಕಾರಣವಿರಲಿಲ್ಲ.

“ರೈನೊ ಎಷ್ಟು ಹೊತ್ತು ಹಿಡೀತಿದ್ದ?”

“ಆ ದರಿದ್ರ ಹಾಡು ಮುಗಿಯೋತನಕ. ನಿಂಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಪ್ರತಿ ವರ್ಷ ಕೆಳಗಿನಿಂದ ಫಿನ್ನಿಷ್ ಹಾಡೊಂದು ಅಪಸ್ವರದಲ್ಲಿ ಕೇಳಿಬರುತ್ತಿತ್ತು, ಅವಳು ಮೇಲಿಂದ ಬಾಯಿ ಮುಚ್ಚು ಎಂದು ಕೂಗುತ್ತಿದ್ದಳು. ಅದು ಅಳತೆಯ ಹಾಡೆಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ತೋಚಿರಲಿಲ್ಲ.

“ಈಗ ಹಚ್ಚು” ಎಂದ ಸ್ಟಾಂಕೊ.

ಕಡ್ಡಿ ಗೀರಿದಳು. ಉರಿ ಎದ್ದಿತು. ಹೆಬ್ಬೆರಳೊತ್ತಿ ಹಾಡು ಶುರುಮಾಡಿದಳು. ರಾಗ ಬರಲಿಲ್ಲ, ದಿನಸಿ ಹೆಸರು ಹೇಳಿದಂತೆ ಬರೀ ಪದ ಹೇಳಿದಳು. ಕೊನೆಯ ಸಾಲು ಮುಗಿಯಿತು.

“ಸಾಕು, ಬಿಡು.”

ಲೆಂಪಿ ಬಿಡಲಿಲ್ಲ. ಮೊದಲ ಸಾಲಿನಿಂದ ಮತ್ತೆ ಹೇಳತೊಡಗಿದಳು. ಸ್ಟಾಂಕೊ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

ಎರಡನೆಯ ಸಲ ಮುಗಿದ ಮೇಲೆ ಬೆರಳು ತೆಗೆದಳು. ಉರಿ ಆರಲಿಲ್ಲ. ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದಾಗ ಒಳಗಿನ ಸಾಲು ಸಾಲು ಬರ್ನರ್‌ಗಳು ಭುಸ್ಸೆಂದು ಹೊತ್ತಿಕೊಂಡವು. ತಲೆಯ ಮೇಲೆ ಬಿಸಿಗಾಳಿಯ ತಗಡಿನ ಕೊಳವೆಗಳು ಟಕಟಕ ಸದ್ದು ಮಾಡಿದವು.

ಅವಳು ಎದ್ದು ಕೈಗಳನ್ನು ಶಾಖಕ್ಕೆ ಹಿಡಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದಂತಾಗತೊಡಗಿತು.

“ನೋಯ್ತಿದೆ” ಎಂದಳು, ಆಶ್ಚರ್ಯಪಟ್ಟವಳಂತೆ. ಕೈ ಹಿಂದೆಗೆಯಲಿಲ್ಲ.