ಒಂದೂ ಕೈ ಏಳಲಿಲ್ಲ

ನಮ್ಮ ಕಚೇರಿಯ ಡಾಕ್ಟರರಿಗೆ ನೆಗಡಿಗೆ ಮಾತ್ರೆ ಬರೆದುಕೊಡಲೂ ಬರುವುದಿಲ್ಲ. ಅವರದು ಸಮಾಜ ಸಂಶೋಧನೆಯ ಡಾಕ್ಟರೇಟು. ಜನರ ಮನಸ್ಸಿನಲ್ಲಿರುವುದನ್ನು ಪ್ರಶ್ನೆ ಕೇಳಿ ಹೊರಗೆಳೆಯುವುದು ನಮ್ಮ ಕಸುಬು. ಬಿಸಿಲಲ್ಲಿ ಅಲೆದು ಕೇಳುವವಳು ನಾನು, ಫ್ಯಾನಿನ ಕೆಳಗೆ ಕೂತು ಸಹಿ ಹಾಕುವವರು ಅವರು. ಈ ಸಲ ಸಿಕ್ಕಿದ್ದು ನನ್ನ ಅತ್ತಿಗೆ ಹೊಲಿಗೆ ಕೆಲಸ ಮಾಡುವ ಬಟ್ಟೆ ಕಾರ್ಖಾನೆ. ಅತ್ತಿಗೆ ಅಲ್ಲಿದ್ದಾರೆ ಎಂದು ಡಾಕ್ಟರರಿಗೆ ಮೊದಲೇ ಹೇಳಿದ್ದೆ. ಒಳ್ಳೆಯದೇ ಆಯಿತಲ್ಲ, ಬೇಗ ಒಳಗೆ ಬಿಡುತ್ತಾರೆ ಎಂದು ನಕ್ಕಿದ್ದರು.

ಅಲ್ಲೊಬ್ಬ ಸೂಪರ್‌ವೈಸರ್. ಹೆಂಗಸರು ಅವನಿಗಿಟ್ಟ ಹೆಸರು ಗಡಿಯಾರ. ಯಾರಾದರೂ ಟಾಯ್ಲೆಟ್ಟಿಗೆಂದು ಎದ್ದರೆ ಸಾಕು, ಮಣಿಕಟ್ಟು ನೋಡಿಕೊಂಡು, ಈಗ ತಾನೇ ಹೋಗಿದ್ದೆಯಲ್ಲ ಎಂದು ಕೂರಿಸಿಬಿಡುತ್ತಾನೆ. ಅತ್ತಿಗೆ ಒಯ್ದ ನೀರಿನ ಬಾಟಲಿ ಸಂಜೆ ತುಂಬಿದ್ದ ಹಾಗೆಯೇ ಮನೆಗೆ ಬರುತ್ತಿತ್ತು. ಕುಡಿದರೆ ತಾನೇ ಹೋಗಬೇಕಾಗುವುದು? ಉರಿಮೂತ್ರ, ಚಳಿಜ್ವರ ಎಂದು ಆಸ್ಪತ್ರೆಗೂ ಹೋಗಿ ಬಂದದ್ದಾಯಿತು. ಚೆನ್ನಾಗಿ ನೀರು ಕುಡಿಯಮ್ಮ ಎಂದು ಅಲ್ಲಿ ಹೇಳಿ ಕಳಿಸಿದರು. ಅಣ್ಣ ಪಾಪ, ಬಾಟಲಿ ತೊಳೆದು ಮತ್ತೆ ತುಂಬಿಸಿ ಕೊಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಸಾಲದ್ದಕ್ಕೆ ಕಾರ್ಖಾನೆಯ ಯಜಮಾನಿ ಈ ಮಹಾನುಭಾವನನ್ನೇ ಹೊಲಿಗೆ ಯಂತ್ರಗಳ ಎಲ್ಲ ಸಾಲುಗಳ ಮೇಲೆ ಮ್ಯಾನೇಜರ್ ಮಾಡಲು ಹೊರಟಿದ್ದರು. ಅದಕ್ಕೆ ಮೊದಲು ಹೆಂಗಸರನ್ನು ಕೇಳಿ ನೋಡಿ ಎಂದು ನಮ್ಮನ್ನು ಕರೆಸಿದ್ದೂ ಅವರೇ. ಅವನ ಮೇಲೆ ದೂರಿಲ್ಲ ಎಂದು ನಾವು ಬರೆದುಕೊಟ್ಟರೆ ಮುಗಿಯಿತು.

ಮೊದಲು ಪ್ರಶ್ನೆಪತ್ರಿಕೆ ಹಂಚಿದೆವು, ಹೆಸರು ಬರೆಯುವುದು ಬೇಡ ಎಂದೆವು. ಟಾಯ್ಲೆಟ್ಟಿಗೆ ಹೋಗದಂತೆ ಸೂಪರ್‌ವೈಸರ್ ತಡೆದಿದ್ದಾರೆಯೇ ಎಂದು ಎಲ್ಲರಿಗೂ ಒಂದೇ ಪ್ರಶ್ನೆ, ಎಣಿಸುವುದೂ ಸುಲಭ. ಆದರೆ ಬೆನ್ನ ಹಿಂದೆ ಅಡ್ಡಾಡುವ ಗಡಿಯಾರನಿಗೆ ಟಿಕ್ ಹಾಕುವ ಕೈ ಕಾಣುತ್ತದಲ್ಲ, ಎಲ್ಲರೂ 'ಇಲ್ಲ' ಎಂದೇ ಹಾಕಿದರು. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸೋಣ ಸರ್ ಎಂದೆ. ಕಾಗದಕ್ಕೆ ಬಾರದ್ದು ಎಷ್ಟೋ ಸಲ ಬಾಯಿಗೆ ಬರುತ್ತದೆ. ನಿನ್ನ ಅತ್ತಿಗೆಯೇ ಅಲ್ಲಿದ್ದಾರೆ, ನಿನಗೆ ಬೇಕಾದದ್ದೇ ನಿನಗೆ ಕೇಳಿಸುತ್ತದೆ ಎಂದರು. ಅದು ಸುಳ್ಳೆಂದು ಆಣೆ ಮಾಡಿ ಹೇಳಲಾರೆ.

ಹಾಗಾಗಿ ನಾಣ್ಯದ ವಿಧಾನಕ್ಕೆ ಬಂದೆವು. ಪ್ರತಿಯೊಬ್ಬರೂ ಪಕ್ಕದವರಿಗೂ ಕಾಣದಂತೆ ಒಂದು ನಾಣ್ಯ ಚಿಮ್ಮಬೇಕು. ಅಂಕಿ ಬಿದ್ದರೆ ಏನೇ ಇರಲಿ, ಕೈ ಎತ್ತಬೇಕು. ಚಿತ್ರ ಬಿದ್ದರೆ, ಸೂಪರ್‌ವೈಸರ್ ನಿಜವಾಗಿಯೂ ತಡೆದಿದ್ದರೆ ಮಾತ್ರ ಎತ್ತಬೇಕು. ಎದ್ದ ಕೈಗೆ ಕಾರಣ ನಾಣ್ಯವೋ ಸಂಕಟವೋ ಯಾರಿಗೂ ತಿಳಿಯದು, ಯಾರನ್ನೂ ಬೆರಳು ಮಾಡಿ ಹಿಡಿಯಲಾಗದು. ಬರೀ ನಾಣ್ಯಕ್ಕೇ ಸುಮಾರು ಅರ್ಧ ಕೈ ಏಳುತ್ತವೆ. ಅದಕ್ಕಿಂತ ಎಷ್ಟು ಹೆಚ್ಚು ಎದ್ದವು ಎನ್ನುವುದರಲ್ಲಿ ನಮಗೆ ಬೇಕಾದ ಉತ್ತರ ಇರುತ್ತದೆ. ಜಾಣ ವಿಧಾನ, ಒಪ್ಪಲೇಬೇಕು.

ಊಟದ ಹಾಲ್‌ನ ಮೇಜುಗಳ ಮೇಲೆ ನಾಣ್ಯಗಳು ಟಣಟಣ ಎಂದವು. ಗಡಿಯಾರ ಬಾಗಿಲಿಗೆ ಒರಗಿ ನಿಂತಿದ್ದ. ಅವನನ್ನು ಹೊರಗೆ ಕಳಿಸಿ ಎಂದರೆ ಡಾಕ್ಟರರು ಇರಲಿ ಬಿಡು ಎಂದಿದ್ದರು. ನಾನು ಪ್ರಶ್ನೆ ಓದಿದೆ. ಒಂದೂ ಕೈ ಏಳಲಿಲ್ಲ. ಅತ್ತಿಗೆ ತಲೆ ತಗ್ಗಿಸಿ ಮೇಜನ್ನೇ ನೋಡುತ್ತಿದ್ದರು.

"ಸೊನ್ನೆ. ದೂರೇ ಇಲ್ಲ. ಬರೆದುಬಿಡು," ಎಂದರು ಡಾಕ್ಟರರು.

"ಯಾರಿಗೂ ಏನೂ ಆಗಿಲ್ಲ ಅಂದ್ರೂ ಅರ್ಧ ಕೈ ಏಳ್ಬೇಕಿತ್ತಲ್ಲ ಸರ್. ಇಷ್ಟು ನಾಣ್ಯದಲ್ಲಿ ಒಂದರಲ್ಲೂ ಅಂಕಿ ಬೀಳ್ಲಿಲ್ವಾ?"

ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಹೇಳಿಕೊಟ್ಟವರೇ ಅವರು. ಕೆಲಸ ಕೊಟ್ಟವರ ಮುಂದೆ ತಲೆಹರಟೆ ಬೇಡ ಎಂದು ಗದರಿದರು. ನಾನು ನೆಟ್ಟಗೆ ಯಜಮಾನಿಯ ಕೋಣೆಗೆ ಹೋಗಿ ಅದೇ ಮಾತು ಹೇಳಿದೆ. ಆಕೆ, ನಾಳೆ ನನ್ನೆದುರಿಗೇ ಇನ್ನೊಮ್ಮೆ ಮಾಡಿ, ಅವನು ಬಾಗಿಲಾಚೆ ಇರಲಿ ಎಂದರು.

ಅಧ್ಯಯನ ಮುಗಿಯುವ ತನಕ ಉತ್ತರ ಕೊಡುವವರ ಮುಂದೆ ಬಾಯಿ ಬಿಡಬಾರದು, ಉತ್ತರ ಕೆಡುತ್ತದೆ. ಗೊತ್ತಿದ್ದೇ ಅಂದು ಸಂಜೆ ಅತ್ತಿಗೆಯ ಮುಂದೆ ಬಿಟ್ಟೆ. ಕೆಟ್ಟರೆ ಕೆಡಲಿ. ಒಣಗಿದ ಬಟ್ಟೆ ಮಡಚುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿದರು.

"ಅಂದ್ರೆ ನಾವು ಸುಮ್ನೆ ಕೂತ್ರೂ ಹೆದರಿ ಕೂತಿದೀವಿ ಅಂತ ಗೊತ್ತಾಗುತ್ತೇನೇ?"

"ಗೊತ್ತಾಗುತ್ತೆ ಅತ್ತಿಗೆ. ಇವತ್ತಿನ ಸೊನ್ನೆ ಹೇಳೋದು ಅದನ್ನೇ."

"ಹಾಗಿದ್ಮೇಲೆ ಬಾಯಿ ಮುಚ್ಕೊಂಡು ಏನು ಸಿಕ್ಕಿದ ಹಾಗಾಯ್ತು?" ಎಂದು ಫೋನ್ ಹಿಡಿದು ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನ ಯಜಮಾನಿ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ನಾಣ್ಯ ಚಿಮ್ಮಿ ಎಂದೆ. ಸದ್ದೇ ಇಲ್ಲ. ಅತ್ತಿಗೆ ಎದ್ದು ನಿಂತು ತಮ್ಮ ನಾಣ್ಯವನ್ನು ಮೇಜಿನ ಮೇಲಿಟ್ಟರು.

"ಇದು ಬೇಡ. ಇದರ ಮರೆಯಲ್ಲಿ ನಿಂತು ನಾನ್ಯಾಕೆ ಹೇಳ್ಲಿ? ನನ್ನನ್ನ ತಡೆದಿದಾರೆ. ಒಂದು ಸಲ ಅಲ್ಲ."

ಕೈ ಎತ್ತಿದರು. ಪಕ್ಕದವಳು ಎತ್ತಿದಳು, ಅವಳ ಹಿಂದಿನವಳು ಎತ್ತಿದಳು, ಆಮೇಲೆ ಇಡೀ ಹಾಲ್ ಎತ್ತಿತು.

ಡಾಕ್ಟರರು ಹಲ್ಲು ಕಚ್ಚಿಕೊಂಡು ನನ್ನ ಪಕ್ಕಕ್ಕೆ ಬಂದರು. ಒಬ್ಬರನ್ನು ನೋಡಿ ಒಬ್ಬರು ಎತ್ತಿದ್ದಾರೆ, ಈ ಲೆಕ್ಕ ಕಸದ ಬುಟ್ಟಿಗೆ ಎಂದರು. ಅವರು ಹೇಳಿದ್ದು ಸರಿ. ಇದರಲ್ಲಿ ತಡೆಸಿಕೊಂಡವರೆಷ್ಟು, ಗೆಳತಿಯರ ಜೊತೆ ನಿಂತವರೆಷ್ಟು, ಯಾವ ವಿಧಾನವೂ ಬಿಡಿಸಿ ಹೇಳಲಾರದು.

"ಹೌದು ಸರ್, ಕೆಟ್ಟಿದೆ. ಕೆಟ್ಟಿದೆ ಅಂತಾನೇ ಬರೀತೀನಿ, ಯಾಕೆ ಕೆಡ್ತು ಅಂತಾನೂ ಬರೀತೀನಿ. ಸೊನ್ನೆ ಅಂತ ಮಾತ್ರ ನನ್ನ ಕೈಯಿಂದ ಬರೆಸೋಕಾಗಲ್ಲ."

ಯಜಮಾನಿ ವರದಿಗೆ ಕಾಯಲಿಲ್ಲ. ಮ್ಯಾನೇಜರ್ ಮಾಡುವ ಮಾತು ಇಲ್ಲಿಗೇ ನಿಲ್ಲಲಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅತ್ತಿಗೆ ಇನ್ನೂ ನಿಂತೇ ಇದ್ದರು. ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಅಷ್ಟೂ ಜನರ ಮುಂದೆ ಗಟಗಟನೆ ಕುಡಿದು ಖಾಲಿ ಮಾಡಿದರು. ಆಮೇಲೆ ಬಾಗಿಲು ತೆರೆದು, ಆಚೆ ನಿಂತಿದ್ದ ಗಡಿಯಾರನ ಮುಂದೆಯೇ ಟಾಯ್ಲೆಟ್ಟಿನ ಕಡೆ ನಡೆದರು. ಅವನು ಅಭ್ಯಾಸಬಲದಿಂದ ಮಣಿಕಟ್ಟು ಎತ್ತಿದ. ಅವರ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬಳು. ಅವನು ಕೈ ಇಳಿಸಿ, ಗೋಡೆಗೆ ಸರಿದು ದಾರಿ ಬಿಟ್ಟ.